ಮಡಿಕೆ ಬಿಚ್ಚದ ಟಾರ್ಪಾಲು

ದೋಣಿಯ ಹೊಟ್ಟೆಯ ಕೆಳಗೆ ಮಲಗಿ ಹಳೇ ಕೆಂಪು ಬಣ್ಣ ಕೆರೆಯುವವರ ಬಾಯಲ್ಲಿ ಯಾವಾಗಲೂ ಒಂಥರಾ ಸಿಹಿ. ಸಕ್ಕರೆಯ ಸಿಹಿಯಲ್ಲ. ಎಷ್ಟು ಉಗಿದರೂ ಹೋಗದ ಸಿಹಿ. ಕೆಮ್ಮಿದರೆ ಕೆಂಪು, ತಲೆ ಬಾಚಿದರೆ ಕೆಂಪು, ಹಿಟ್ಟು ಕಲಸಿದರೆ ಹಿಟ್ಟೂ ಕೆಂಪು. ಅದಕ್ಕೇ ಅವರಲ್ಲೊಬ್ಬಳಿಗೆ ಕೆಂಪಕ್ಕ ಅಂತ ಹೆಸರು ಬಿದ್ದದ್ದು. ಹೆತ್ತವರು ಇಟ್ಟ ಹೆಸರು ಅವಳಿಗೇ ಮರೆತ ಹಾಗಿತ್ತು.

ದೋಣಿಯ ತಳಕ್ಕೆ ಪಾಚಿ, ಹುಳ ಹತ್ತಬಾರದೆಂದು ಒಂದು ಬಣ್ಣ ಬಳಿಯುತ್ತಾರೆ. ಹುಳ ಸಾಯಬೇಕಾದರೆ ಅದರಲ್ಲಿ ಏನಿರಬೇಕು ಎಂದು ಕೆರೆಯುವ ಹೆಂಗಸರಿಗೆ ಯಾರೂ ಹೇಳಿರಲಿಲ್ಲ. ಬಣ್ಣ ಹಳತಾದಾಗ, ಹುಣ್ಣಿಮೆಗೋ ಅಮಾವಾಸ್ಯೆಗೋ ಸಮುದ್ರ ಉಕ್ಕಿ ದೊಡ್ಡ ನೀರು ಏರಿ ಬಂದ ದಿನ, ದೋಣಿಯನ್ನು ಧಣಿಯ ರಿಪೇರಿ ಯಾರ್ಡಿನ ದಡಕ್ಕೆ ಎಳೆದು ನಿಲ್ಲಿಸುತ್ತಾರೆ. ಹೆಂಗಸರ ಕೈಗೆ ಒಂದೊಂದು ಕಬ್ಬಿಣದ ಪಟ್ಟಿ. ಕೆರೆದದ್ದೆಲ್ಲ ಕೆಳಗಿನ ಕೆಸರಿಗೆ. ಕೆಸರಿಗೆ ಬಿದ್ದದ್ದು ನೀರಿನ ಜೊತೆ ಹರಡಿಕೊಂಡು ಬೇಲಿಯಾಚೆಗೆ.

ಬೇಲಿಯಾಚೆ ಮೊಣಕಾಲವರೆಗೆ ಹೂತು ಕಪ್ಪೆಚಿಪ್ಪು ಆರಿಸುವವಳು ಕೆಂಪಕ್ಕನ ಓರಗಿತ್ತಿ. ಇಬ್ಬರದೂ ಒಂದೇ ಮನೆ, ಒಂದೇ ಒಲೆ. ಸಂಜೆ ಒಬ್ಬಳು ಕೆಂಪಾಗಿ ಬಂದರೆ ಇನ್ನೊಬ್ಬಳು ಕಪ್ಪಾಗಿ ಬರುತ್ತಿದ್ದಳು. ಒಬ್ಬರ ಬೆನ್ನು ಒಬ್ಬರು ಉಜ್ಜಿಕೊಡುತ್ತಿದ್ದರು.

ಹೀಗಿರುವಾಗ ಪೇಟೆಯವರು ಚಿಪ್ಪು ಕೊಳ್ಳುವುದನ್ನೇ ನಿಲ್ಲಿಸಿಬಿಟ್ಟರು. ಯಾರೋ ಕೆಸರು ತುಂಬಿಕೊಂಡು ಹೋಗಿ ಪರೀಕ್ಷೆ ಮಾಡಿಸಿದ್ದರಂತೆ. ಕೆಸರಲ್ಲೂ ತಾಮ್ರ, ಸೀಸ, ತವರ. ಚಿಪ್ಪಿನ ಮಾಂಸದಲ್ಲೂ ಅದೇ. ಓರಗಿತ್ತಿಯ ಬುಟ್ಟಿ ಬಾಗಿಲ ಹಿಂದೆ ಬಿತ್ತು.

"ಮಕ್ಕಳಿಗೆ ಅದನ್ನೇ ತಾನೇ ಅಕ್ಕ ಬೇಯ್ಸಿ ಹಾಕಿದ್ದು?" ಎಂದು ಅವಳು ಕೆಂಪಕ್ಕನನ್ನು ಕೇಳಿದಳು.

ತನಿಖೆಗೆ ಸರ್ಕಾರದ ಸಾಹೇಬರು ಬರುವ ದಿನ ಬೆಳಿಗ್ಗೆ ಯಾರ್ಡಿನ ಮೇಸ್ತ್ರಿ ಗೋದಾಮಿನಿಂದ ಒಂದು ನೀಲಿ ಟಾರ್ಪಾಲು ಹೊತ್ತು ತಂದ.

"ಬೇಗ ಹಾಸ್ರಮ್ಮ ದೋಣಿ ಕೆಳಗೆ!"

"ಏನ್ ಮೇಸ್ತ್ರಿ, ದೋಣಿಗೆ ಮದುವೇನಾ?" ಅಂದಳು ಕೆಂಪಕ್ಕ. ಹೆಂಗಸರೆಲ್ಲ ಕಿಸಕ್ಕೆಂದರು.

ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಬಂದರು. ಬೇಲಿಯಾಚೆ ಚಿಪ್ಪಿನ ಹೆಂಗಸರು ಗುಂಪಾಗಿ ನಿಂತಿದ್ದರು. ಧಣಿ ಅವರಿಗೂ ಕೇಳುವ ಹಾಗೆ ದನಿ ಎತ್ತಿದ.

"ನೋಡಿ ಸರ್, ಬಣ್ಣ ಕೆಳಗೆ ಬೀಳಬಾರ್ದು ಅಂತ ಮೊದಲಿಂದ್ಲೂ ಟಾರ್ಪಾಲು ಕೊಟ್ಟಿದ್ದೀನಿ. ಇವರಿಗೆ ಹಾಸೋಕೆ ಸೋಮಾರಿತನ. ಹಾಸಿದ್ರೂ ಸಂಜೆ ನೀರಿಗೇ ಕೊಡವಿ ಹೋಗ್ತಾರೆ. ಎಷ್ಟು ಹೇಳಿದ್ರೂ ಅಷ್ಟೇ."

ಕೆಂಪಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ದೋಣಿಯ ಕೆಳಗಿಂದ ತೆವಳಿಕೊಂಡು ಬಂದು ಸಾಹೇಬರ ಎದುರು ನಿಂತಳು.

"ಮೊದಲಿಂದ್ಲೂ ಇತ್ತಂತಲ್ಲ ಸಾಹೇಬ್ರೆ. ಆ ಮಡಿಕೆ ನೋಡಿ, ಇನ್ನೂ ಅಂಗಡಿ ಮಡಿಕೇನೇ ಹೋಗಿಲ್ಲ. ನನ್ನ ಅಂಗಿ ನೋಡಿ, ಆಮೇಲೆ ಅದನ್ನ ನೋಡಿ. ಬೆಳಿಗ್ಗೆ ಬಿದ್ದ ಪುಡಿ ಬಿಟ್ರೆ ಒಂದೇ ಒಂದು ಹಳೇ ಕಲೆ ತೋರಿಸಿ."

ಸಾಹೇಬರು ನೋಡಿದರು. ಚೆನ್ನಾಗಿಯೇ ನೋಡಿದರು. ನೋಡಿ, ಕೈಗಡಿಯಾರದ ಕಡೆ ತಿರುಗಿದರು.

"ನಿಮ್ಮನಿಮ್ಮ ಜಗಳ ನೀವೇ ನೋಡ್ಕೊಳ್ಳಿ. ಕೆಲಸದವರ ನಿರ್ಲಕ್ಷ್ಯ, ಅಷ್ಟೇ."

ಧಣಿಯ ಕಾರಿನಲ್ಲೇ ಹೊರಟುಹೋದರು. ಕಂಡೂ ಕಾಣದ ಹಾಗಿರುವುದಕ್ಕೂ ಸಂಬಳ ಸಿಗುವ ಕೆಲಸ ಅದು. ಕಾರು ತಿರುವು ದಾಟುವಷ್ಟರಲ್ಲಿ ಮೇಸ್ತ್ರಿ ಟಾರ್ಪಾಲನ್ನು ಒರೆಸಿ ಮಡಚಿ ಒಳಗಿಟ್ಟ.

ಆವತ್ತು ಸಂಜೆ ಓರಗಿತ್ತಿ ಬೆನ್ನು ಉಜ್ಜಲು ಬರಲಿಲ್ಲ. ಗೋಡೆಗೆ ಮುಖ ಮಾಡಿ ಉಣ್ಣುತ್ತಾ ಕೇಳಿದಳು.

"ನೀವು ಕೊಡವಿದ್ದು ನಿಜಾನಾ ಅಕ್ಕ?"

"ಕೆರೆದದ್ದು ನಿಜ. ಕೆಳಗೆ ಬಿದ್ದದ್ದೂ ನಿಜ. ಹಾಸೋಕೆ ಕೊಟ್ಟಿದ್ರೆ ಹಾಸ್ತಿದ್ದೆ."

"ವಿಷ ಅಂತ ಗೊತ್ತಿತ್ತಾ?"

"ನನ್ನ ಬಾಯಿಗೇ ಬೀಳ್ತಿತ್ತಲ್ಲೇ ತಂಗಿ. ಗೊತ್ತಿದ್ರೆ ನುಂಗ್ತಿದ್ನಾ?"

ಓರಗಿತ್ತಿ ತಟ್ಟೆ ಎತ್ತಿಕೊಂಡು ಎದ್ದುಹೋದಳು. ಧಣಿ ಎಷ್ಟು ಬೈದಿದ್ದರೂ ಕೆಂಪಕ್ಕ ತಡೆದುಕೊಳ್ಳುತ್ತಿದ್ದಳು. ಇದನ್ನು ಮಾತ್ರ ತಡೆಯಲಾಗಲಿಲ್ಲ. ಒಲೆಯ ಮುಂದೆ ಕೂತು ಅತ್ತಳು.

ಮಾರನೆ ದಿನ ಕೆರೆಯುವವರೆಲ್ಲ ಕಬ್ಬಿಣದ ಪಟ್ಟಿಗಳನ್ನು ಧಣಿಯ ಕಾಲಬುಡದಲ್ಲಿ ಗುಡ್ಡೆ ಹಾಕಿದರು.

"ಸಾಹೇಬರನ್ನ ವಾಪಸ್ ಕರೆಸಿ," ಅಂದಳು ಕೆಂಪಕ್ಕ. "ಟಾರ್ಪಾಲು ನಿನ್ನೆ ಮೊದಲ ಸಲ ಹೊರಗೆ ತೆಗೆದಿದ್ದು ಅಂತ ಎಲ್ಲರೆದುರು ಹೇಳಿ. ಕೆಡಿಸಿದ ಕೆಸರನ್ನ ನಿಮ್ಮ ಖರ್ಚಲ್ಲೇ ತೆಗೆಸಿ. ಅಲ್ಲೀವರೆಗೆ ಕೆರೆಯಲ್ಲ."

ಧಣಿಯ ಜೀವ ಆ ದೋಣಿಯಲ್ಲಿತ್ತು. ಒಂದು ಮಗ್ಗುಲು ಕೆರೆದು ಬರೀ ಮರ ಕಾಣುತ್ತಿತ್ತು. ಹಾಗೇ ನೀರಿಗೆ ಬಿಟ್ಟರೆ ಹುಳ ತಿಂದು ಮುಗಿಸುತ್ತದೆ. ಪೂರ್ತಿ ಕೆರೆದು ಬಣ್ಣ ಬಳಿದು, ಮುಂದೆ ಬರುವ ದೊಡ್ಡ ನೀರಿಗೇ ಇಳಿಸಬೇಕು. ತಪ್ಪಿದರೆ ಮತ್ತೊಂದು ದೊಡ್ಡ ನೀರು ಬರುವವರೆಗೆ ದೋಣಿ ಕದಲುವುದಿಲ್ಲ. ಆದರೂ ಧಣಿ ನಕ್ಕ.

"ಚಿಪ್ಪಿನ ಹೆಂಗಸರು ಕೈಕಟ್ಟಿ ಕೂತಿದ್ದಾರೆ. ಎರಡು ಪಟ್ಟು ಕೂಲಿ ಅಂದ್ರೆ ಓಡಿ ಬರ್ತಾರೆ, ನೋಡ್ತಿರು."

ಮೇಸ್ತ್ರಿ ಮನೆಮನೆಗೆ ಹೋದ. ಕೆಂಪಕ್ಕನ ಮನೆಗೂ ಬಂದ, ಅವಳೆದುರೇ ಓರಗಿತ್ತಿಯನ್ನು ಕರೆದ. ಓರಗಿತ್ತಿ ಬಾಗಿಲ ಹಿಂದಿನ ಬುಟ್ಟಿ ಎತ್ತಿಕೊಂಡಳು.

"ಹೋಗ್ತೀಯೇನೇ?"

"ಹೋಗ್ತೀನಿ ಅಕ್ಕ." ಮುಖ ನೋಡಲಿಲ್ಲ.

ಕೆಂಪಕ್ಕ ಯಾರ್ಡಿಗೆ ಹೋಗಿ ತನ್ನವರ ಜೊತೆ ದೋಣಿಯ ಪಕ್ಕ ಕೂತಳು. ಸ್ವಲ್ಪ ಹೊತ್ತಿಗೆ ಚಿಪ್ಪಿನ ಹೆಂಗಸರು ಸಾಲಾಗಿ ಬಂದರು. ತಲೆಯ ಮೇಲೆ ಬುಟ್ಟಿ. ಧಣಿಯ ಮುಖ ಅರಳಿತು.

"ಟಾರ್ಪಾಲು ಎಲ್ಲಿ ಧಣಿ?" ಅಂದಳು ಓರಗಿತ್ತಿ. "ಹಾಸಿಯೇ ಕೆಲಸ ಶುರು ಮಾಡಬೇಕಲ್ಲ."

"ನೋಡಿ ಕಲೀರೇ!" ಎಂದು ಧಣಿ ಕೆರೆಯುವವರನ್ನು ಹಂಗಿಸಿದ. ಮೇಸ್ತ್ರಿ ಓಡಿಹೋಗಿ ತಂದು ಹಾಸಿದ.

ಓರಗಿತ್ತಿ ಬುಟ್ಟಿ ಇಳಿಸಿ ನೀಲಿ ಟಾರ್ಪಾಲಿನ ನಟ್ಟನಡುವೆ ಬೋರಲು ಹಾಕಿದಳು. ಬೇಲಿಯಾಚೆಯ ಕಪ್ಪು ಕೆಸರು, ಅದರೊಳಗೆ ಕೆಂಪು ಚೂರುಗಳು. ಹಿಂದೆಯೇ ಇನ್ನೊಂದು ಬುಟ್ಟಿ, ಮತ್ತೊಂದು. ಒಂದು ಮಡಿಕೆಯೂ ಕಾಣದ ಹಾಗೆ ಸುರಿದರು.

"ಮೊದಲಿಂದ್ಲೂ ಟಾರ್ಪಾಲು ಕೊಟ್ಟಿದ್ದೀನಿ ಅಂದ್ರಲ್ಲ, ಈಗ ಹಾಗೇ ಕಾಣ್ತಿದೆ. ನಿಮ್ಮ ಬಣ್ಣ, ನೀವೇ ಇಟ್ಕೊಳ್ಳಿ."

ಇಷ್ಟು ಹೇಳಿ ಓರಗಿತ್ತಿ ಬಂದು ಕೆಂಪಕ್ಕನ ಮೈಗೆ ಮೈ ತಾಗಿಸಿ ಕೂತಳು.

"ಹೋಗ್ತೀನಿ ಅಂದ್ಯಲ್ಲೇ, ಕತ್ತೆ!"

"ಹೋಗ್ತೀನಿ ಅಂದೆ. ಕೆರೀತೀನಿ ಅಂದ್ನಾ?"

ಧಣಿ ಕೂಗಾಡಿದ. ಯಾರೂ ಏಳದಿದ್ದಾಗ ಮೇಸ್ತ್ರಿಯನ್ನೇ ದೋಣಿಯ ಕೆಳಗೆ ನೂಕಿದ. ಮೇಸ್ತ್ರಿ ಸ್ವಲ್ಪ ಹೊತ್ತು ಕೆರೆದು, ಕೆಮ್ಮುತ್ತಾ ಈಚೆ ಬಂದು ಉಗಿದ. ಮತ್ತೆ ಉಗಿದ.

"ಏನಿದು, ಬಾಯೆಲ್ಲ ಸಿಹಿ ಸಿಹಿ..."

ಹೆಂಗಸರು ಯಾರೂ ನಗಲಿಲ್ಲ.

"ಅದೇ ಮೇಸ್ತ್ರಿ," ಅಂದಳು ಕೆಂಪಕ್ಕ. "ಸಾಹೇಬರು ಬಂದಾಗ ಅದನ್ನೇ ಹೇಳು."

ಮೇಸ್ತ್ರಿ ಕೈಯಲ್ಲಿದ್ದ ಪಟ್ಟಿಯನ್ನೊಮ್ಮೆ ನೋಡಿದ. ಆಮೇಲೆ ಅದನ್ನು ಗುಡ್ಡೆಗೆ ಎಸೆದ.

ಹುಣ್ಣಿಮೆಗೆ ದೊಡ್ಡ ನೀರು ಬಂತು. ದೋಣಿಯ ಬುಡದವರೆಗೆ ಏರಿ, ನಿಂತು, ಇಳಿದುಹೋಯಿತು. ಅರ್ಧ ಕೆರೆದ ದೋಣಿ ಅಲ್ಲೇ ಇತ್ತು. ಹೆಂಗಸರೂ ಅಲ್ಲೇ ಇದ್ದರು.