ಕಡಲಿಗೆ ಕಳುಹಿಸಿದ ಸುದ್ದಿ

“ತೀರಿಹೋದ್ರು ಅಂತ ಹಾಕ್ಬೇಡಿ ಪೂವಪ್ಪಣ್ಣ,” ಎಂದಳು ಖತೀಜಮ್ಮ.

ಮೊಬೈಲಿನ ಮೇಲೆ ಪೂವಪ್ಪನ ಬೆರಳು ನಿಂತಿತು. ಒಳಗೆ ಅವಳ ಗಂಡ ಕಮರುದ್ದೀನನ ಮಯ್ಯತ್ತಿಗೆ ಕೊನೆಯ ಸ್ನಾನ ಮಾಡಿಸುತ್ತಿದ್ದರು. ಬೆಳಿಗ್ಗೆ ಮಣ್ಣಗುಡ್ಡದ ಮನೆಯೊಂದರ ಡಿಶ್ ಸರಿಮಾಡಲು ಹೊರಟವನು ಹೆಲ್ಮೆಟ್ ಹಾಕಿ, ಸ್ಕೂಟರ್ ಸ್ಟಾರ್ಟ್ ಮಾಡಿ, ಹಾಗೆಯೇ ಪಕ್ಕಕ್ಕೆ ವಾಲಿದ್ದ. ಆಸ್ಪತ್ರೆಯಲ್ಲಿ ನಾಡಿ ನೋಡಿ ವಾಪಸು ಕಳುಹಿಸಿದ್ದರು. ಉಳ್ಳಾಲದ ಆ ಮನೆಯಲ್ಲಿ ಇನ್ನೂ ಯಾರಿಗೂ ಅಳು ಬಂದಿರಲಿಲ್ಲ. ಖತೀಜಮ್ಮ ಅವನಿಗೆಂದು ಮುಚ್ಚಿಟ್ಟ ರೊಟ್ಟಿ ಆರಿತೇನೋ ಎಂದು ಆಗಾಗ ಹೋಗಿ ಮುಟ್ಟಿ ನೋಡುತ್ತಿದ್ದಳು.

ಮಗ ಇಲ್ಯಾಸ್ ಪೂವಪ್ಪನ ಬೋಟು ನಡೆಸುತ್ತ ಆಳಸಮುದ್ರದಲ್ಲಿದ್ದ. ಅಲ್ಲಿಗೆ ಫೋನ್ ಸಿಗುವುದಿಲ್ಲ. ಬೋಟಿನ ಸ್ಯಾಟಲೈಟ್ ಸೆಟ್ಟಿಗೆ ಬರೆದ ಸಂದೇಶವಷ್ಟೇ ಹೋಗುತ್ತದೆ.

“ಬೋಟು ಅವನ ಕೈಯಲ್ಲಿ ಉಂಟು. ಉಪ್ಪನಿಗೆ ಹುಷಾರಿಲ್ಲ, ಬಾ ಅಂತ ಮಾತ್ರ ಹಾಕಿ.”

ಅಪ್ಪನಿಗೆ ಹುಷಾರಿಲ್ಲವೆಂದಷ್ಟೇ ಪೂವಪ್ಪ ಹಾಕಿದ.

*

ಆ ಸೆಟ್ ಕೂರಿಸಿದವನು ಕಮರುದ್ದೀನನೇ. ಡಿಶ್ ಕೆಲಸ ಬೇಡ, ಕಡಲಿಗೆ ಹೋಗುತ್ತೇನೆ ಎಂದು ಮಗ ಹಟ ಹಿಡಿದಾಗ ಇಬ್ಬರೂ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದರು. ಒಂದು ದಿನ ಕಮರುದ್ದೀನನೇ ಬಂದರಿಗೆ ಬಂದು, ಬೋಟಿನ ಕ್ಯಾಬಿನ್ನಿನ ಮಾಡಿನ ಮೇಲೆ ಹತ್ತಿ ಆಂಟೆನಾ ಬಿಗಿಯತೊಡಗಿದ. ಇಲ್ಯಾಸ್ ಕೆಳಗಿನಿಂದ ಸ್ಪಾನರ್ ಕೊಟ್ಟ. ಮೇಲೆ ಎಂತ ಉಂಟು ಎಂದು ಪೂವಪ್ಪ ಕೇಳಿದ್ದಕ್ಕೆ, ಸಾಲಾಗಿ ಉಪಗ್ರಹಗಳಿವೆ, ಭೂಮಿಯ ಜೊತೆಗೇ ತಿರುಗುವುದರಿಂದ ನಮಗೆ ನಿಂತಲ್ಲೇ ನಿಂತ ಹಾಗೆ, ಅವುಗಳ ಕಡೆಗೆ ಡಿಶ್ ತಿರುಗಿಸಿಯೇ ಇಷ್ಟು ಕಾಲ ಸಂಸಾರ ಸಾಕಿದೆ ಎಂದ. ಆಮೇಲೆ ದನಿ ತಗ್ಗಿಸಿದ.

“ಇವನ ಹಿಂದೆ ಕಡಲಿಗೆ ಹೋಗ್ಲಿಕ್ಕೆ ನನ್ನಿಂದ ಆಗ್ತದಾ ಮಾರಾಯ? ಅವುಗಳ ಕಣ್ಣಿಗಾದರೂ ಬೀಳ್ತಾ ಇರ್ಲಿ.”

*

ಮಧ್ಯಾಹ್ನ ಕಳೆದರೂ ಉತ್ತರ ಬರಲಿಲ್ಲ. ಬೋಟು ದಡ ಸೇರುವಾಗ ನಾಳೆಯಾಗುತ್ತದೆ, ಅಷ್ಟು ಹೊತ್ತು ಇಡುವ ಹಾಗಿಲ್ಲ ಎಂದು ಖತೀಜಮ್ಮನ ಅಣ್ಣ ಅಯ್ಯೂಬ್ ಹೇಳಿದ.

“ಮಗ ಬರಲಿ ಅಂತ ನಾನು ಹೇಳಿದ್ರೆ ಕಾಯ್ತೀರಾ?”

ಅಯ್ಯೂಬ್ ಗೋಡೆಯ ಗಡಿಯಾರ ನೋಡಿದ.

“ಹಾಗಾದ್ರೆ ಕೊಂಡುಹೋಗಿ,” ಎಂದಳು. ಬಾಗಿಲಿನ ದಾರಂದವನ್ನು ಹಿಡಿದ ಅವಳ ಕೈಯನ್ನು ಮಾತ್ರ ಹೆಂಗಸರು ಬಿಡಿಸಬೇಕಾಯಿತು.

ಖಬರಸ್ಥಾನದಲ್ಲಿ ಎಲ್ಲರಂತೆ ಪೂವಪ್ಪನೂ ಮಣ್ಣು ಹಾಕಿದ. ಮತ್ತೆ ಬಗ್ಗಿ, ಇದು ಇಲ್ಯಾಸನದೆಂದು ಇನ್ನೊಂದು ಹಿಡಿ ಹಾಕಿದ. ಆಗ ಜೇಬಿನೊಳಗೆ ಮೊಬೈಲ್ ಅದುರಿತು.

‘ಬೋಟು ತಿರುಗಿಸಿದ್ದೇನೆ. ಉಪ್ಪನ ಹತ್ತಿರ ನೀವು ಇದ್ದೀರಲ್ಲ, ಅದೇ ಧೈರ್ಯ. ಈಗ ಹೇಗಿದ್ದಾರೆ?’

ಪೂವಪ್ಪ ಉತ್ತರ ಬರೆಯಲು ನೋಡಿದ. ಒದ್ದೆ ಮಣ್ಣು ಮೆತ್ತಿದ ಹೆಬ್ಬೆರಳಿಗೆ ಒಂದಕ್ಷರವೂ ಮೂಡಲಿಲ್ಲ.