ಹೊತ್ತು ಮುಳುಗುವವರೆಗೆ ಮಾತ್ರ

ಮಾಲಿನಕ್ಕನಿಗೆ ನಮಸ್ಕಾರ ಹೇಳಿದವರಿಗೆ ಮರಳಿ ಸಿಗುವ ಮಾತು ಒಂದೇ: "ಒರಿಜಿನಲ್ ಎಲ್ಲಿ?" ಚನ್ನರಾಯಪಟ್ಟಣದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಒಂದು ಜೆರಾಕ್ಸ್ ಯಂತ್ರ, ಒಂದು ಕಂಪ್ಯೂಟರು, ಒಂದು ಮರದ ಬೆಂಚು ಹಿಡಿಸುವಷ್ಟೇ ಅಗಲವಿರುವ ಅವರ ಅಂಗಡಿಗೆ ಬರುವವರಲ್ಲಿ ಮುಕ್ಕಾಲು ಪಾಲು ಶಾಲಾ ಶಿಕ್ಷಕರಾಗಲು ಹೊರಟವರು. ಅವರ ಅಂಕಪಟ್ಟಿಯ ಮೂಲಪ್ರತಿಯನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡದೆ ಮಾಲಿನಕ್ಕ ಒಂದೇ ಒಂದು ಅರ್ಜಿಯನ್ನೂ ತುಂಬಿದವರಲ್ಲ. ಒಮ್ಮೆ ಮದುವೆಯ ಕರೆಯೋಲೆ ಕೊಡಲು ಬಂದ ನೆಂಟರೊಬ್ಬರನ್ನೂ ಅಭ್ಯಾಸಬಲದಿಂದ ಇದೇ ಪ್ರಶ್ನೆ ಕೇಳಲಾಗಿ, ಆ ಮನುಷ್ಯ ಗಾಬರಿಗೊಂಡು ಹೊರಗೆ ಸ್ಕೂಟರಿನ ಮೇಲೆ ಕೂತಿದ್ದ ವರನನ್ನೇ ಕರೆದು ತೋರಿಸಿದರಂತೆ.

ಪೂರ್ಣ ಹೆಸರು ಜ್ವಾಲಾಮಾಲಿನಿ. ವಯಸ್ಸು ಅರವತ್ತರ ಆಸುಪಾಸು. ಗಿಡ್ಡ ದೇಹ, ಬಿರುಸು ನಡಿಗೆ. ಬರಿಗೈಯಲ್ಲಿ ನಡೆಯುವಾಗಲೂ ಎಡಹೆಗಲಿಗೆ ಪುಸ್ತಕದ ಚೀಲ ನೇತುಬಿದ್ದಂತೆ ಒಂದು ಬದಿಗೆ ವಾಲುತ್ತಾರೆ. ಸೀರೆಯ ಮೇಲೆ ಹನ್ನೆರಡು ತಿಂಗಳೂ ಒಂದು ಕಾಫಿಬಣ್ಣದ ಗಂಡಸರ ಸ್ವೆಟರು, ಅದರ ಜೇಬಿನಲ್ಲಿ ಪೆನ್ಸಿಲು ಮತ್ತು ಒಂದು ಭೂತಗನ್ನಡಿ. ಅಂಗಡಿಯಲ್ಲಿ ಲ್ಯಾಮಿನೇಷನ್ ಯಂತ್ರವೂ ಇದೆ. ಆದರೆ ಅಂಕಪಟ್ಟಿಗೆ ಲ್ಯಾಮಿನೇಷನ್ ಮಾಡಿಕೊಡಿ ಎಂದವರನ್ನು, ಕೂಸಿನ ಮೂಗು ಮುಚ್ಚಲು ಹೊರಟವರನ್ನು ನೋಡುವಂತೆ ನೋಡುತ್ತಾರೆ. ಬಾಗಿಲ ಫಲಕದಲ್ಲಿ ಮುಚ್ಚುವ ಗಂಟೆಯ ಸುದ್ದಿಯೇ ಇಲ್ಲ. 'ಬೆಳಿಗ್ಗೆ ಒಂಬತ್ತರಿಂದ ಹೊತ್ತು ಮುಳುಗುವವರೆಗೆ ಮಾತ್ರ' ಎಂದಷ್ಟೇ ಇದೆ. ಜೈನರ ಮನೆತನದ ನೇಮದಂತೆ ಅವರ ಊಟ ಸೂರ್ಯಾಸ್ತದೊಳಗೆ ಮುಗಿಯಬೇಕು. ತಪ್ಪಿದರೆ ಮರುದಿನದ ಸೂರ್ಯೋದಯದವರೆಗೆ ಇಲ್ಲ. ನಮ್ಮ ಸೀಮೆಯಲ್ಲಿ ಹುಟ್ಟಿದವರಿಗೆಲ್ಲ ತಿಳಿದ ಸಂಗತಿ ಇದು. ನನಗೂ ತಿಳಿದಿತ್ತು. ತಿಳಿದದ್ದು ಬೇಕಾದ ಹೊತ್ತಿಗೆ ಒದಗಿಬರದಿರುವುದು ನನ್ನ ಹುಟ್ಟುಗುಣ.

ಮೂವತ್ತೈದು ವರ್ಷದ ಕೆಳಗೆ, ಆಗ ಟಿ.ಸಿ.ಎಚ್. ಎನ್ನಿಸಿಕೊಳ್ಳುತ್ತಿದ್ದ ಶಿಕ್ಷಕರ ತರಬೇತಿಯನ್ನು ಹೊಳೆನರಸೀಪುರದಲ್ಲಿ ಮುಗಿಸಿ, ಒಂದು ಖಾಸಗಿ ಶಾಲೆಯಲ್ಲಿ ಹನ್ನೊಂದು ವರ್ಷ ಪಾಠ ಹೇಳಿದವರು ಅವರು. ಮಕ್ಕಳು ಕಡಿಮೆಯಾಗಿ ಶಾಲೆ ಮುಚ್ಚಿತು. ಅದರ ಸಾಮಾನು ಹರಾಜಾದ ದಿನ ಮಾಲಿನಕ್ಕ ಒಂದು ಬೆಂಚನ್ನು ಕೊಂಡು ತಂದರು. ಈಗ ಅಂಗಡಿಯಲ್ಲಿ ನಾವು ಕೂರುವುದು ಅದರ ಮೇಲೆಯೇ; ಹಿಂದೆ ಯಾವನೋ ವಿದ್ಯಾರ್ಥಿ ಕೈವಾರದ ಮೊನೆಯಿಂದ ಕೊರೆದ ಮೀನೊಂದು ಅದರಲ್ಲಿ ಇನ್ನೂ ಈಜುತ್ತಿದೆ. ಬೆಂಚಿನ ಜೊತೆಗೆ ಪದ್ಧತಿಯೂ ಬಂದಿತು. ನಿಯಮವನ್ನು ಒಮ್ಮೆ ಹೇಳಿ, "ತಿರುಗಿಸಿ ಒಪ್ಪಿಸು" ಎನ್ನುತ್ತಾರೆ. ಒಪ್ಪಿಸದವರಿಗೆ ಸ್ಕ್ಯಾನರಿನ ಮುಚ್ಚಳ ತೆರೆಯುವುದಿಲ್ಲ.

ಅರಕಲಗೂಡು ಕಡೆಯ ದೇವಯ್ಯನೆಂಬ ರೈತರು ಪಿಯುಸಿ ಮುಗಿಸಿದ ಮಗಳು ಅನುಶ್ರೀಯನ್ನು ಕರೆತಂದದ್ದನ್ನು ನಾನೇ ನೋಡಿದ್ದೇನೆ.

"ಬಿ.ಎಡ್.ಗೆ ಆಕ್ಬುಡಿ ಅಕ್ಕಾರೆ. ನಮ್ಮೂರ ಇಸ್ಕೂಲ್ನಾಗೆ ಒಂದ್ನೇ ಕ್ಲಾಸ್ಗೆ ಪಾಟ ಯೋಳೋ ಅಂಗಾದ್ರೆ ಸಾಕು," ಎಂದರು ದೇವಯ್ಯ.

"ಒಂದನೇ ಕ್ಲಾಸಿಗೆ ಬಿ.ಎಡ್. ಅಲ್ಲ ದೇವಯ್ಯ. ಪಿಯುಸಿಲಿ ನೂರಕ್ಕೆ ಐವತ್ತು ಇದ್ರೆ ಡಿ.ಎಲ್.ಇಡಿ., ಎರಡು ವರ್ಷ. ಅದು ಐದನೇ ಕ್ಲಾಸಿನವರೆಗೆ. ಡಿಗ್ರಿ ಮುಗಿಸಿ, ಅದರಲ್ಲಿ ಐವತ್ತು ಬಂದ್ರೆ ಬಿ.ಎಡ್.; ಅದು ಮೇಲಿನ ಕ್ಲಾಸುಗಳಿಗೆ. ಎಸ್ಸಿ, ಎಸ್ಟಿ ಜಾತಿ ಸರ್ಟಿಫಿಕೇಟ್ ಇದ್ರೆ ನಲವತ್ತೈದಕ್ಕೂ ನಡೆಯುತ್ತೆ. ಎಂಟರವರೆಗೆ ಪಾಠ ಹೇಳೋಕೆ ಟಿಇಟಿ ಬೇರೆ ಪಾಸ್ ಮಾಡಬೇಕು. ತಿರುಗಿಸಿ ಒಪ್ಪಿಸಿ."

"ನಾನಾ?"

"ಮತ್ತೆ? ಓದೋದು ಅವಳು, ನೆನಪಿಟ್ಕೊಳ್ಳೋದಾದ್ರೂ ನೀವು ಬೇಡ್ವಾ?"

ದೇವಯ್ಯ ಗಂಟಲು ಸರಿಮಾಡಿಕೊಂಡು, ಎದ್ದು ನಿಂತು, ಮಗ್ಗಿಯಂತೆ ಒಪ್ಪಿಸಿದರು. ಟಿಇಟಿಯ ಹತ್ತಿರ ಎಡವಿದಾಗ ಮಗಳು ಬಾಯಿಗೆ ವೇಲು ಒತ್ತಿಕೊಂಡು ನಕ್ಕಳು. ಮಾಲಿನಕ್ಕ ಅವಳತ್ತ ತಿರುಗಿ, "ನಿಂಗೆ ಎಂಥಾ ಮಕ್ಕಳ ಜೊತೆ ಜಗಳ ಆಡೋಕೆ ಇಷ್ಟ? ಮೂಗು ಸುರಿಸೋರಾ, ಮೀಸೆ ಬರೋರಾ?" ಎಂದರು.

"ಮೂಗು ಸುರ್ಸೋರೇ ವಾಸಿ ಅಕ್ಕ."

"ಹಂಗಾದ್ರೆ ಡಿ.ಎಲ್.ಇಡಿ. ಒರಿಜಿನಲ್ ಎಲ್ಲಿ?"

ಇನ್ನು ನನ್ನ ವಿಷಯ. ಹಿರೀಸಾವೆಯ ಹೆದ್ದಾರಿ ಹೋಟೆಲೊಂದರಲ್ಲಿ ನಾನು ಬಿಲ್ಲು ಬರೆಯುತ್ತಿದ್ದೆ. ಬಿ.ಎ. ಪದವೀಧರ. 'ಮಸಾಲೆದೋಸೆ ಮುಗಿದಿದೆ' ಎಂದು ಹೇಳುವುದಕ್ಕೆ ಇಷ್ಟು ಸ್ಪಷ್ಟವಾದ ಉಚ್ಚಾರಣೆ ವ್ಯರ್ಥವಾಗುತ್ತಿದೆಯಲ್ಲ ಎಂದು ನನಗೇ ಮರುಕ ಹುಟ್ಟಿ, ಬಿ.ಎಡ್. ಮಾಡಿ ಮೇಷ್ಟರಾಗಲು ನಿಶ್ಚಯಿಸಿದೆ. ನಿಶ್ಚಯಿಸಿದ್ದು ಜೂನ್ ತಿಂಗಳಲ್ಲಿ. ಅಂಗಡಿಯ ಮೆಟ್ಟಿಲು ಹತ್ತಿದ್ದು ಡಿಸೆಂಬರಿನಲ್ಲಿ, ಅರ್ಜಿಯ ಕೊನೆಯ ದಿನ, ಮಧ್ಯಾಹ್ನ ಮೂರಕ್ಕೆ. ಈ ವರ್ಷ ತಪ್ಪಿದರೆ ಮುಂದಿನ ವರ್ಷ ನಾನು ಮತ್ತೆ ಹೊರಡುವವನಲ್ಲವೆಂಬುದು ನನ್ನನ್ನು ಬಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಸಾಲದ್ದಕ್ಕೆ ನನ್ನ ಲೆಕ್ಕದ ಪ್ರಕಾರ ಬಂದದ್ದು ನಲವತ್ತೊಂಬತ್ತು ಪಾಯಿಂಟ್ ಮೂರು, ಬೇಕಾದದ್ದು ಐವತ್ತು.

"ಇದುನ್ನ ಐವತ್ತು ಅಂತ ಆಕ್ಕೊಂಡ್ರೆ ಆಗಲ್ವಾ ಅಕ್ಕ?" ಎಂದೆ.

"ಅದೇನು ನಿಮ್ಮ ಹೋಟೆಲಿನ ಸಾಂಬಾರಾ ಶಿವರಾಜು, ನೀರು ಬೆರೆಸೋಕೆ?"

ಆರು ಸೆಮಿಸ್ಟರುಗಳ ಅಂಕಪಟ್ಟಿಯನ್ನು ಸಾಲಾಗಿ ಹರಡಿ, ಪೆನ್ಸಿಲಿನಿಂದ ಕೂಡಿಸಿದರು; ಮತ್ತೊಮ್ಮೆ ಕೆಳಗಿನಿಂದ ಮೇಲಕ್ಕೆ ಕೂಡಿಸಿದರು. ಆಮೇಲೆ ಭೂತಗನ್ನಡಿ ಮೂರನೆಯದರ ಮೇಲೆ ನಿಂತಿತು.

"ಅರ್ಥಶಾಸ್ತ್ರ ಇಪ್ಪತ್ತೆರಡು. ಫೇಲು. ಫೇಲಾದವನಿಗೆ ಡಿಗ್ರಿ ಕೊಟ್ಟೋರು ಯಾರು?"

"ಆಮೇಲೆ ಕಟ್ಟಿ ಪಾಸ್ ಮಾಡ್ಕೊಂಡೆ ಅಕ್ಕ."

"ಅದರ ಮಾರ್ಕ್ಸ್ ಕಾರ್ಡು?"

"ಮನೇಲದೆ. ಮತ್ತೆ ಕಟ್ಟಿದ್ದು ಅಂತ ಅದ್ರಲ್ಲೇ ಬರ್ದದೆ, ಅದ್ಕೇ ಯಾರ್ಗೂ ತೋರ್ಸಿಲ್ಲ. ಒಂದ್ಸಲ ಫೇಲಾದ್ಮೇಲೆ ಮೊದಲ್ನೇದೇ ಲೆಕ್ಕ ಅಂದ್ಕೊಂಡಿದ್ದೆ."

"ಅದರಲ್ಲಿ ಎಷ್ಟು?"

"ಐವತ್ತೆಂಟು."

ಮಾಲಿನಕ್ಕ ಹಳೆಯದನ್ನು ರಬ್ಬರಿನಿಂದ ಅಳಿಸಿ ಹೊಸದನ್ನು ಬರೆದರು. ಐವತ್ತು ಪಾಯಿಂಟ್ ಮೂರು.

"ನಾಚಿಕೆಗೆ ಮೂವತ್ತಾರು ಮಾರ್ಕ್ಸ್ ಬಿಟ್ಟುಕೊಟ್ಟಿದ್ದೀಯ. ಹೋಗು, ತಗೊಂಡು ಬಾ."

ಫೋಟೋ ತೆಗೆಸಿ ಫೋನಿಗೆ ತರಿಸಬಹುದಿತ್ತು. ಆದರೆ ಮಾಲಿನಕ್ಕನಿಗೆ ಒರಿಜಿನಲ್ ಬೇಕು. ಮನೆಯಲ್ಲಿದ್ದ ಅವ್ವನಿಗೆ ನಾನು ಫೇಲಾದದ್ದೇ ಗೊತ್ತಿಲ್ಲ. ಟ್ರಂಕಿನ ತಳಕ್ಕೆ ಹಾಸಿದ್ದ ಹಳೆಯ ಪೇಪರಿನ ಅಡಿಯಲ್ಲಿ ಮೂರು ವರ್ಷದಿಂದ ಅಡಗಿದ್ದ ಆ ಕಾರ್ಡನ್ನು ಅಂಗಿಯೊಳಗೆ ಸೇರಿಸಿಕೊಂಡು, ಸಿಕ್ಕ ಬಸ್ಸಿನ ಬಾಗಿಲಲ್ಲಿ ನೇತಾಡಿ ಮರಳಿದಾಗ ಆರಕ್ಕೆ ಕಾಲು ಗಂಟೆ ಇತ್ತು.

ಓಣಿಯಲ್ಲಿ ಬಿಸಿಲು ಮಾಡಿನ ಅಂಚಿಗೆ ಏರಿತ್ತು. ಅಂಗಡಿ ತೆರೆದೇ ಇತ್ತು. ಕೊನೆಯ ದಿನದ ನೂಕುನುಗ್ಗಲಿಗೆ ಸರ್ವರ್ ಸಂಜೆಯವರೆಗೂ ಮುಷ್ಕರ ಹೂಡಿ, ಆಗಷ್ಟೇ ನನ್ನ ಪುಟ ತೆರೆದುಕೊಂಡಿತ್ತಂತೆ. "ಈಗ ಎದ್ದರೆ ಮತ್ತೆ ಸಿಗಲ್ಲ, ಬೇಗ ಕೊಡು," ಎಂದರು. ಮೇಜಿನ ಮೇಲೆ ಒಂದು ಸ್ಟೀಲಿನ ಡಬ್ಬಿ ಇತ್ತು. ಅಂಕಪಟ್ಟಿಗಳನ್ನು ಹರಡಲು ಜಾಗ ಸಾಲದೆ ನಾನೇ ಅದನ್ನು ಎತ್ತಿ ಕಿಟಕಿಯ ಬದಿಗೆ ಇಟ್ಟೆ. ಇನ್ನೂ ಬೆಚ್ಚಗಿತ್ತು.

ಒಂದೊಂದೇ ಕಾಗದ ಹತ್ತುತ್ತಿತ್ತು. ಪರದೆಯ ಮೇಲೆ ಚಕ್ರ ತಿರುಗುತ್ತಿತ್ತು, ನಿಲ್ಲುತ್ತಿತ್ತು. ನಡುವೆ ಒಮ್ಮೆ ಮಾಲಿನಕ್ಕ ಕತ್ತು ನೀಡಿ ಬಾಗಿಲಾಚೆಯ ಆಕಾಶವನ್ನು ನೋಡಿದರು. ಮಾಡಿನ ಅಂಚಿನ ಬೆಳಕು ಹೋಗಿತ್ತು. ಸ್ವೆಟರಿನ ಗುಂಡಿಗಳನ್ನು ಕೆಳಗಿನಿಂದ ಕತ್ತಿನವರೆಗೆ ನಿಧಾನವಾಗಿ ಹಾಕಿಕೊಂಡರು.

"ಚಳಿ ಆಯ್ತದಾ ಅಕ್ಕ?" ಎಂದೆ, ಬುದ್ಧಿವಂತನಂತೆ.

"ನಿಮ್ಮಪ್ಪನ ಹೆಸರು ಕಾರ್ಡಲ್ಲಿ ಇರೋ ಹಂಗೇ ಹೇಳು," ಎಂದರು.

ಆರು ಇಪ್ಪತ್ತಕ್ಕೆ ಅರ್ಜಿ ಸಲ್ಲಿಕೆಯಾಯಿತು. ಪ್ರಿಂಟು ಕೈಗಿಡುತ್ತ ಮಾಲಿನಕ್ಕ ಹೇಳಿದ್ದಿಷ್ಟು: "ಹಾಸನದಲ್ಲಿ ದಾಖಲೆ ನೋಡ್ತಾರಲ್ಲ, ಅವತ್ತು ಆ ಕಾರ್ಡನ್ನ ಎಲ್ಲದಕ್ಕಿಂತ ಮೇಲೆ ಇಟ್ಕೊಂಡು ಹೋಗು. ತಿರುಗಿಸಿ ಒಪ್ಪಿಸು."

ಒಪ್ಪಿಸಿದೆ. ಹಾಗೆಯೇ ಮಾಡಿದೆ. ಹಾಸನದಲ್ಲಿ ಆ ಕಾರ್ಡನ್ನು ಕಂಡು ಯಾರೂ ಹುಬ್ಬೇರಿಸಲಿಲ್ಲ. ಮೂರು ವರ್ಷ ಅದನ್ನು ಬಚ್ಚಿಟ್ಟ ನನ್ನ ಶ್ರಮಕ್ಕೆ ಇದರಿಂದ ಸ್ವಲ್ಪ ಅವಮಾನವೇ ಆಯಿತು. ಹೊಳೆನರಸೀಪುರದ ಕಾಲೇಜೊಂದರಲ್ಲಿ ಸೀಟು ಸಿಕ್ಕಿತು. ಸಿಕ್ಕ ದಿನವೇ ಅರ್ಧ ಕೆಜಿ ಮೈಸೂರು ಪಾಕು ಕಟ್ಟಿಸಿಕೊಂಡು, ಹೋಟೆಲಿನ ಕೆಲಸ ಮುಗಿಸಿ, ಅವರ ಮನೆಗೇ ಹೋದೆ. ಆಗ ಸಂಜೆ ಏಳು ಗಂಟೆ.

ಬಾಗಿಲು ತೆರೆದವಳು ಅವರ ಅಣ್ಣನ ಮಗಳು ಸಿದ್ಧಿ. ಪೊಟ್ಟಣ ನೋಡಿ ನಕ್ಕಳು. "ಹೊತ್ತು ನೋಡದೇ ಬರ್ತೀರಲ್ಲ ನೀವು. ನಿಮ್ಮ ಅರ್ಜಿ ತುಂಬಿದ ದಿನವೂ ಅಷ್ಟೆ, ನಾನು ಅಂಗಡಿಗೆ ಕೊಟ್ಟು ಬಂದ ಡಬ್ಬಿ ಹಂಗೇ ವಾಪಸ್ ಬಂತು. ಅತ್ತೆ ಬೆಳಿಗ್ಗೆವರೆಗೂ ನೀರು ಕೂಡ ಮುಟ್ಟಲಿಲ್ಲ."

"ಸುಮ್ನಿರೇ," ಎಂದು ಒಳಗಿನಿಂದ ದನಿ ಬಂತು. ಆಮೇಲೆ ಮಾಲಿನಕ್ಕನೇ ಬಂದರು. ಪೊಟ್ಟಣವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. "ಬೆಳಿಗ್ಗೆ ತಿಂತೀನಿ ಕಣಪ್ಪ. ಸೀಟಿನ ಆರ್ಡರ್ ತಂದ್ಯಾ? ಒರಿಜಿನಲ್ ಎಲ್ಲಿ?"

ಆ ಕಾಗದವನ್ನು ತೆಗೆಯುವಾಗ ನನ್ನ ಕೈಗೆ ನೆನಪಾದದ್ದು ಸ್ಟೀಲಿನ ಬಿಸುಪು.

ಈಗ ನಾನು ಅರಕಲಗೂಡು ತಾಲ್ಲೂಕಿನ ಹಳ್ಳಿಯ ಪ್ರೌಢಶಾಲೆಯೊಂದರಲ್ಲಿ ಅತಿಥಿ ಶಿಕ್ಷಕ. ಖಾಯಂ ಆಗುವ ದಾರಿ ಇನ್ನೂ ದೂರವಿದೆ. ಭಾನುವಾರ ಹೋಟೆಲಿನಲ್ಲಿ ಬಿಲ್ಲು ಬರೆಯುವುದೂ ತಪ್ಪಿಲ್ಲ. ಪರೀಕ್ಷೆಯ ಪತ್ರಿಕೆ ಹಂಚುವ ದಿನ ನನ್ನ ಎರಡೂ ಕಾರ್ಡುಗಳನ್ನು ತರಗತಿಯಲ್ಲಿ ತೋರಿಸುತ್ತೇನೆ. ಮಕ್ಕಳಿಗೆ ಐವತ್ತೆಂಟರಲ್ಲಿ ಆಸಕ್ತಿಯಿಲ್ಲ. ಇಪ್ಪತ್ತೆರಡನ್ನು ನೋಡಿ ಬಹಳ ಸಂತೋಷಪಡುತ್ತಾರೆ.

ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಇಂಥ ಮೇಷ್ಟರುಗಳು ನಮ್ಮ ಪೇಟೆಗಳ ಓಣಿಗಳಲ್ಲಿ ಇನ್ನೂ ಇದ್ದಾರೆ. ಅವರು ನಿಯಮದಲ್ಲಿ ಕೂದಲೆಳೆಯಷ್ಟೂ ಸಡಿಲಿಸುವವರಲ್ಲ. ಪರರಿಗೂ ಅಷ್ಟೆ, ತಮಗೂ ಅಷ್ಟೆ. ಅರ್ಜಿಯ ನಿಯಮವನ್ನೂ ಮುರಿಯದೆ, ತಮ್ಮ ನೇಮವನ್ನೂ ಮುರಿಯದೆ, ಎದುರಿಗೆ ನಿಂತವನನ್ನೂ ಕೈಬಿಡದೆ ಉಳಿಯಲು ಅವರಿಗೆ ಗೊತ್ತಿರುವ ದಾರಿ ಒಂದೇ, ಕೊರತೆಯನ್ನು ತಮ್ಮ ತಟ್ಟೆಯಿಂದ ತುಂಬಿಕೊಡುವುದು. ದಾಟಿ ಬಂದ ನಾವು ನಮ್ಮ ಅಂಕಗಳ ಬಲದಿಂದ ದಾಟಿದೆವೆಂದುಕೊಂಡಿರುತ್ತೇವೆ. ಡಬ್ಬಿಯನ್ನು ಕಿಟಕಿಯ ಬದಿಗೆ ಸರಿಸಿದ್ದು ನಮ್ಮದೇ ಕೈ ಎಂಬುದು ತಿಳಿಯುವ ಹೊತ್ತಿಗೆ, ಅದು ತೊಳೆಸಿಕೊಂಡು ಮತ್ತೊಬ್ಬರ ಅರ್ಜಿಯ ಪಕ್ಕದಲ್ಲಿ ಬಂದು ಕೂತಿರುತ್ತದೆ.