ಕಟ್ಟೆ ಇಲ್ಲದ ಮನೆ

ಸರಸಂಬಾ ಊರಿನ ಆಶಾ ಕಾರ್ಯಕರ್ತೆ ಮಹಾನಂದಾ ಒಂಬತ್ತು ವರ್ಷಗಳಿಂದ ಪ್ರತಿ ಗುರುವಾರ ಕಾಶಿಬಾಯಿಗೆ ಸಕ್ಕರೆ ಕಾಯಿಲೆಯ ಗುಳಿಗೆ ತಂದುಕೊಡುತ್ತಿದ್ದಳು. ಕೂಡುತ್ತಿದ್ದುದು ಮನೆಯ ಮುಂದಿನ ಕಟ್ಟೆಯ ಮೇಲೆ. ದಲಿತ ಬೌದ್ಧರ ಓಣಿಯವಳಾದ ಅವಳನ್ನು ಯಾರೂ ಒಳಗೆ ಕರೆದಿರಲಿಲ್ಲ. ಚಹಾ ಕೂಡ ಕಾಗದದ ಕಪ್ಪಿನಲ್ಲಿ ಬರುತ್ತಿತ್ತು. ಅದು ಅವಳನ್ನು ಚುಚ್ಚುತ್ತಿತ್ತು. ಆದರೂ ಗಂಡ ಜಗದೇವ ತೀರಿಕೊಂಡ ಮೇಲೆ ಅವಳು ಮನಸ್ಸು ಬಿಚ್ಚಿ ಮಾತಾಡಿದ್ದು ಆ ಕಟ್ಟೆಯ ಮೇಲೆ ಮಾತ್ರ. ಕಾಶಿಬಾಯಿಯೂ ಅಷ್ಟೇ. ತೊಗರಿ ಹಸನು ಮಾಡುವ ನೆವದಲ್ಲಿ ಹೊರಗೆ ಬಂದು, ಸೊಸೆಯ ಕಿವಿಗೆ ಬೀಳಬಾರದ್ದನ್ನೆಲ್ಲ ಮಹಾನಂದಾಳ ಮುಂದೆ ಹೇಳಿಕೊಳ್ಳುತ್ತಿದ್ದಳು.

ಹೋದ ವರ್ಷ ಕಾಶಿಬಾಯಿಯ ಮಗ ಗುರುಶಾಂತ ಹಳೆಯ ಮನೆ ಕೆಡವಿ ಹೊಸದು ಕಟ್ಟಿಸಿದ. ಕಟ್ಟೆಯ ಜಾಗಕ್ಕೆ ಕಬ್ಬಿಣದ ಗೇಟು ಬಂತು. ಅದರ ಹಿಂದೆ ಮೂರು ಮೆಟ್ಟಿಲು, ಆಮೇಲೆ ಬಾಗಿಲು. ಕೂಡಲು ಎಲ್ಲಿಯೂ ಜಾಗವಿರಲಿಲ್ಲ. ಮಹಾನಂದಾ ಬೀದಿಯಲ್ಲೇ ನಿಂತು ಗುಳಿಗೆ ಕೊಟ್ಟು ಹೋಗತೊಡಗಿದಳು.

ದೀಪಾವಳಿಗೆ ಮುಂಚೆ ಕಾಶಿಬಾಯಿ ಕಾಲಿಗೆ ಹುಣ್ಣಾಗಿ ಹಾಸಿಗೆ ಹಿಡಿದಳು. ಆ ಗುರುವಾರ ಗುರುಶಾಂತನೇ ಗೇಟು ತೆರೆದ.

"ಒಳಗ ಬರ್ರಿ ಅಕ್ಕಾ. ಅವ್ವ ನಿಮ್ಮನ್ನೇ ಕೇಳಾಕತ್ತಾಳ."

ಮಹಾನಂದಾ ಚಪ್ಪಲಿ ಬಿಟ್ಟು ಮೊದಲ ಸಲ ಆ ಮನೆಯೊಳಗೆ ಕಾಲಿಟ್ಟಳು. ಮಂಚದ ಪಕ್ಕ ಕುಳಿತು ಹುಣ್ಣು ತೊಳೆದು ಪಟ್ಟಿ ಕಟ್ಟಿದಳು. ಸೊಸೆ ನಾಗರತ್ನಾ ಕೋಣೆಯ ಬಾಗಿಲಲ್ಲಿ ನಿಂತು ಅವಳ ಕೈಗಳನ್ನೇ ನೋಡುತ್ತಿದ್ದಳು.

"ಹ್ಯಾಂಗ ಅದೀರಿ ಆಯಿ?"

"ಛಲೋ ಅದೀನಿ." ಕಾಶಿಬಾಯಿ ಸೊಸೆಯ ಕಡೆ ನೋಡಿ ಹೊದಿಕೆ ಎಳೆದುಕೊಂಡಳು. ಆಮೇಲೆ ಕೇಳಿದಳು, "ನಿನ್ನ ಮಗಳು ಪಲ್ಲವಿ ಕಾಲೇಜಿಗಿ ಹೋಗಾಕತ್ತಾಳೇನು?"

"ಹೋಗಾಕತ್ತಾಳ್ರಿ."

ಪಲ್ಲವಿ ಕಾಲೇಜು ಮುಗಿಸಿ ಎರಡು ವರ್ಷವಾಗಿತ್ತು. ಅದು ಕಾಶಿಬಾಯಿಗೂ ಗೊತ್ತಿತ್ತು. ನಾಗರತ್ನಾ ಬಾಗಿಲಿನಿಂದ ಕದಲಲಿಲ್ಲ. ಮಹಾನಂದಾ ಬೇಗನೆ ಎದ್ದಳು.

ಮುಂದಿನ ಗುರುವಾರ ನಾಗರತ್ನಾ ಗೇಟು ತೆರೆಯಲಿಲ್ಲ.

"ಪಟ್ಟಿ ಕಟ್ಟಾಕ ಈಗ ಆಳಂದದಿಂದ ನರ್ಸ್ ಬರ್ತಾರ್ರಿ. ಗುಳಿಗಿ ಇಲ್ಲೇ ಕೊಡ್ರಿ."

ಸರಳಿನ ಸಂದಿಯಿಂದ ಗುಳಿಗೆ ಕೊಡುವಾಗ ಒಳಗಿನಿಂದ ಕಾಶಿಬಾಯಿಯ ದನಿ ಬಂತು. "ಯಾರ್ ಬಂದಾರ ಬೇ?"

"ಯಾರಿಲ್ರಿ ಅತ್ತಿ, ಗುಳಿಗಿ ಬಂದಾವ," ಎಂದಳು ನಾಗರತ್ನಾ.

"ಆಯಿ, ನಾನ್ರಿ!" ಮಹಾನಂದಾ ಕೂಗಿದಳು. ಅಷ್ಟರಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಸದ್ದು ಮಾಡುತ್ತ ಹಾದುಹೋಯಿತು. ಅವಳ ಕೂಗು ಅದರಲ್ಲಿ ಮುಳುಗಿತು. ನಾಗರತ್ನಾ ಬಾಗಿಲು ಹಾಕಿಕೊಂಡಳು.

ಮಹಾನಂದಾಗೆ ಇನ್ನೂ ಏಳು ಮನೆ ಉಳಿದಿದ್ದವು. ಎಲ್ಲ ಕಡೆಯೂ ಗುಳಿಗೆ ಕೊಟ್ಟು, ಯಾರೊಡನೆಯೂ ಒಂದು ಮಾತು ಹೆಚ್ಚಿಗೆ ಆಡದೆ, ಮಧ್ಯಾಹ್ನಕ್ಕೇ ಮನೆ ಸೇರಿದಳು.